ರೂಪವಿನ್ಯಾಸದ ಆಕರಗಳು: ಬಾಳೆಯ ಹೂವೂ ಆಕಾಶದ ವಿಮಾನವೂ

‘ಒಂದು ನಿಸರ್ಗದೃಶ್ಯವನ್ನು ಬರೆಯಿರಿ’ ಎಂದು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಹೇಳಿದರೆ ಬಹುಮಂದಿ ಬರೆಯುವ ಚಿತ್ರ ಯಾವುದೆಂಬುದು ಅಧ್ಯಾಪಕ ಬಂಧುಗಳೆಲ್ಲರಿಗೂ ವಿದಿತವಾದುದೇ. ತ್ರಿಕೋನಾಕಾರದ ಎರಡು ಬೆಟ್ಟಗಳು. ಅವುಗಳ ನಡುವಿನಿಂದ ಅರ್ಧ ಮೂಡಿದ ಸೂರ್ಯ. ಬೆಟ್ಟದ ಬುಡದಿಂದ ಹಾವಿನಂತೆ ಇಳಿದುಬರುವ ಒಂದು ಹೊಳೆ. ದಡದಲ್ಲಿ ಒಂದು ಗುಡಿಸಲು, ಒಂದು ತೆಂಗಿನಮರ. ಆಕಾಶದಲ್ಲಿ ತಲೆಕಟ್ಟಿನ ಗೆರೆಗಳಂತೆ ನಾಲ್ಕು ಹಕ್ಕಿಗಳು. ನಂಜನಗೂಡಿನ ಹುಡುಗನೂ ಇದನ್ನೇ ಬರೆಯುತ್ತಾನೆ, ತಿರುಮಕೂಡಲಿನ ಹುಡುಗಿಯೂ ಇದನ್ನೇ ಬರೆಯುತ್ತಾಳೆ. ಕಪಿಲೆಯ ದಡದಲ್ಲಿ ಹುಟ್ಟಿ, ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬರುವ ಈ ಮಕ್ಕಳು ಅಂತಹ ಜೋಡಿಬೆಟ್ಟವನ್ನು ಕಣ್ಣಾರೆ ಕಂಡವರಲ್ಲ. ಕಣ್ಣಾರೆ ಕಂಡ ಕಪಿಲೆಯನ್ನು ಬರೆದವರೂ ಅಲ್ಲ. ಹಿಂದಿನ ತರಗತಿಯವರು ಬರೆದುದನ್ನು ನೋಡಿ ಮುಂದಿನವರು ಬರೆಯುತ್ತಾರೆ. ಹೀಗೆ ಎರಡು ಮೂರು ತಲೆಮಾರುಗಳಿಂದ ಆ ಸೂರ್ಯನು ಅಲ್ಲಿಯೇ ಅರ್ಧ ಮೂಡಿ ನಿಂತಿದ್ದಾನೆ.

ಕನ್ನಡ ಪಂಡಿತನಾದವನು ಸ್ಮರಣ ಸಂಪುಟಕ್ಕೆ ಲೇಖನ ಬರೆಯುವಾಗ ಕಾವ್ಯವನ್ನೋ ವ್ಯಾಕರಣವನ್ನೋ ಎತ್ತಿಕೊಳ್ಳುವನೆಂದು ವಾಚಕರು ನಿರೀಕ್ಷಿಸುವುದು ಸಹಜ. ನಾನು ಚಿತ್ರವನ್ನೂ ವಿನ್ಯಾಸವನ್ನೂ ಎತ್ತಿಕೊಂಡಿರುವುದಕ್ಕೆ ನಮ್ಮ ಪ್ರಾಚೀನರೇ ಅನುಮತಿ ನೀಡಿದ್ದಾರೆ. ವಿಷ್ಣುಧರ್ಮೋತ್ತರದಲ್ಲಿ ಪ್ರತಿಮೆಯ ಲಕ್ಷಣವನ್ನು ಕೇಳಿದ ವಜ್ರರಾಜನಿಗೆ ಮಾರ್ಕಂಡೇಯ ಮುನಿಯು, ಚಿತ್ರವನ್ನರಿಯದೆ ಪ್ರತಿಮೆಯನ್ನರಿಯಲಾಗದು, ನೃತ್ಯವನ್ನರಿಯದೆ ಚಿತ್ರವನ್ನರಿಯಲಾಗದು, ಅದಕ್ಕೆ ವಾದ್ಯ, ವಾದ್ಯಕ್ಕೆ ಗೀತ ಎಂದು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕರೆದೊಯ್ಯುತ್ತಾನೆ. ವಿದ್ಯೆಗಳ ನಡುವೆ ಗೋಡೆ ಕಟ್ಟಿದವರು ನಾವು, ನಮ್ಮ ವೇಳಾಪಟ್ಟಿಯವರು. ಅಲಂಕಾರವೆಂಬ ಶಬ್ದವೂ ಚಿತ್ರವೆಂಬ ಶಬ್ದವೂ ಸಾಹಿತ್ಯಕ್ಕೂ ಶಿಲ್ಪಕ್ಕೂ ಸಮಾನವಾಗಿ ಸಂದವು. ಆದುದರಿಂದ, ಒಂದು ರೂಪವನ್ನು ವಿನ್ಯಾಸಗೊಳಿಸುವವನು ತನ್ನ ಸಾಮಗ್ರಿಯನ್ನು ಎಲ್ಲಿಂದ ತರಬೇಕು, ಹೇಗೆ ತರಬೇಕು ಎಂಬ ಪ್ರಶ್ನೆಯನ್ನು ಅಲಂಕಾರಶಾಸ್ತ್ರವನ್ನು ಓದಿದವನು ಚರ್ಚಿಸುವುದು ಅನಧಿಕಾರ ಪ್ರಸಂಗವಾಗಲಾರದೆಂದು ಭಾವಿಸುತ್ತೇನೆ.

ಮೊದಲು ನಮ್ಮ ಮನೆಯಂಗಳದ ನಿದರ್ಶನವನ್ನೇ ನೋಡೋಣ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದನು; ಪ್ರತಿಷ್ಠೆಯಾದುದು 1258ರಲ್ಲಿ. ಬೇಲೂರು ಹಳೇಬೀಡುಗಳೊಡನೆ ಈ ದೇವಾಲಯವೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ವಾರ್ತೆ ಬಂದ ಬಳಿಕ ನಮ್ಮವರು ತಂಡ ತಂಡವಾಗಿ ಹೋಗಿ, ಹೊರಗೋಡೆಯ ಮೂರ್ತಿಗಳ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು ಬರುತ್ತಿದ್ದಾರೆ. ಸಂತೋಷ. ಆದರೆ ಒಳಗೆ ಹೋಗಿ ಕತ್ತೆತ್ತಿ ನೋಡುವವರು ಕಡಮೆ. ನವರಂಗದ ಮೇಲ್ಛಾವಣಿಯ ಅಂಕಣಗಳಲ್ಲಿ ಭುವನೇಶ್ವರಿಗಳಿವೆ, ಒಂದರಂತೆ ಇನ್ನೊಂದಿಲ್ಲ. ಅವುಗಳ ನಡುವಿನಿಂದ ಇಳಿಬಿದ್ದಿರುವುದು ನಮ್ಮ ಕಡೆಯವರು ಬಾಳೆಯ ಮೂತಿ ಎಂದು ಕರೆಯುವ ಹೂಮೊಗ್ಗು. ಒಂದು ಅಂಕಣದಲ್ಲಿ ಅದು ಬಿಗಿಯಾಗಿ ಮುಚ್ಚಿಕೊಂಡಿದೆ. ಮತ್ತೊಂದರಲ್ಲಿ ಹೊರಗಿನ ಎಸಳು ತುಸು ಸಡಿಲಗೊಂಡಿದೆ. ಇನ್ನೊಂದರಲ್ಲಿ ಬಿಚ್ಚಿಕೊಂಡು ಸುತ್ತಲೂ ಹರಡಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೂವೆಂದೊಡನೆ ನಮ್ಮ ಕವಿಗಳಿಗೂ ಶಿಲ್ಪಿಗಳಿಗೂ ಮೊದಲು ನೆನಪಾಗುವುದು ತಾವರೆ. ಹೀಗಿರಲು ಛಾವಣಿಗೆ ಬಾಳೆಯ ಮೂತಿ ಏಕೆ? ನನಗೆ ತೋರುವುದು ಇಷ್ಟು: ತಾವರೆ ಮೇಲ್ಮುಖವಾಗಿ ಅರಳುವ ಹೂವು. ದೇವರನ್ನು ನಿಲ್ಲಿಸುವ ಪೀಠಕ್ಕೆ ಅದು ತಕ್ಕುದು. ಬಾಳೆಯ ಮೂತಿಯಾದರೋ ತನ್ನ ಭಾರಕ್ಕೆ ತಾನೇ ಬಾಗಿ, ನೆಲವನ್ನು ನೋಡುತ್ತ ತೂಗುವುದು. ತಲೆಯ ಮೇಲಿನ ಕಲ್ಲಿನಿಂದ ಇಳಿಬೀಳುವ ಆಕೃತಿಗೆ ಅದಕ್ಕಿಂತ ಸಹಜವಾದ ಮಾದರಿ ಯಾವುದಿದೆ? ಮೂತಿಯ ಎಸಳುಗಳು ಒಮ್ಮೆಗೇ ಬಿಚ್ಚಿಕೊಳ್ಳುವುದಿಲ್ಲ. ಒಂದೊಂದಾಗಿ ಮೇಲೆದ್ದು, ತಮ್ಮ ಮರೆಯಲ್ಲಿದ್ದ ಒಂದೊಂದು ಸಾಲು ಹೂವನ್ನು ಹೊರಗೆಡಹಿ ಉದುರುತ್ತವೆ. ಕ್ರಮಕ್ರಮವಾಗಿ ಒಳಸರಿಯುವ ಬಳೆಗಳಿಂದ ಭುವನೇಶ್ವರಿಯನ್ನು ಕಟ್ಟಬೇಕಾದ ಶಿಲ್ಪಿಗೆ ಈ ಕ್ರಮವೇ ಪಾಠವಾಯಿತು. ಅವನು ಹೂವಿನ ಅಂದವನ್ನಷ್ಟೇ ಕಂಡಿದ್ದರೆ ಒಂದು ಹೂವನ್ನು ಕಡೆದು ಸುಮ್ಮನಾಗುತ್ತಿದ್ದನು. ಅದು ತೂಗುವ ಬಗೆಯನ್ನೂ ಬಿಚ್ಚುವ ಬಗೆಯನ್ನೂ ಕಂಡುದರಿಂದ ಅಂಕಣಕ್ಕೊಂದು ಅವಸ್ಥೆಯನ್ನು ಕಡೆಯಲು ಅವನಿಗೆ ಸಾಧ್ಯವಾಯಿತು. ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ಈ ದೇವಾಲಯದ ಮೂರ್ತಿಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಭುವನೇಶ್ವರಿಗಳನ್ನು ಕಡೆದ ಕೈ ಯಾರದಾದರೂ ಆಗಲಿ, ಆ ಕೈ ಬಾಳೆಯ ತೋಟದಲ್ಲಿ ಬಹುಕಾಲ ಕಳೆದುದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಾಳೆಯ ಮಾತು ಬಂದುದರಿಂದ ನಂಜನಗೂಡಿನ ರಸಬಾಳೆಯನ್ನು ನೆನೆಯದೆ ಮುಂದುವರಿಯುವುದು ಹೇಗೆ? ದೇವರಸನಹಳ್ಳಿಯ ಸುತ್ತಲಿನ ಮಣ್ಣಿನಲ್ಲಿ ಹೆಸರಾದ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ಬೇರಿನಿಂದ ಏರಿ ಗಿಡವನ್ನು ಸೊರಗಿಸುವ ಪನಾಮಾ ರೋಗದಿಂದ ತೋಟಗಳು ಒಂದೊಂದಾಗಿ ಬರಿದಾದವು. ಇಂದು ನಂಜನಗೂಡಿನಲ್ಲಿಯೇ ನಿಜವಾದ ರಸಬಾಳೆಯನ್ನು ಹುಡುಕಿ ಕೊಳ್ಳಬೇಕಾಗಿದೆ. ರುಚಿ ಹೋದ ದುಃಖ ಒಂದೆಡೆ. ಹಿತ್ತಿಲಿನಲ್ಲಿ ಬಾಳೆಯೇ ಇಲ್ಲದ ಮನೆಗಳಲ್ಲಿ ಬೆಳೆದ ಮಗು ಸೋಮನಾಥಪುರದ ಛಾವಣಿಯ ಕೆಳಗೆ ನಿಂತಾಗ ತಾನು ಏನನ್ನು ನೋಡುತ್ತಿರುವೆನೆಂಬುದು ಅದಕ್ಕೆ ತಿಳಿಯದೆಂಬುದು ಇನ್ನೊಂದು ದುಃಖ. ಗೈಡು ಹೇಳಿದರೆ ತಲೆದೂಗಬಹುದು. ಅದು ಕೇಳಿದ ತಿಳಿವಳಿಕೆ, ಕಂಡ ತಿಳಿವಳಿಕೆಯಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಒಬ್ಬರ ಕೃತಿ ಇನ್ನೊಬ್ಬರದನ್ನು ಹೋಲುವ ಪ್ರಸಂಗವನ್ನು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ವಿಚಾರಮಾಡಿದ್ದಾನೆ. ಹೋಲಿಕೆ ಮೂರು ವಿಧ. ಕನ್ನಡಿಯೊಳಗಿನ ಬಿಂಬದಂತಹುದು ಒಂದು. ವ್ಯಕ್ತಿಯನ್ನು ನೋಡಿ ಬರೆದ ಚಿತ್ರದಂತಹುದು ಇನ್ನೊಂದು. ಸಮಾನವಾದ ದೇಹವುಳ್ಳ ಇಬ್ಬರು ವ್ಯಕ್ತಿಗಳ ನಡುವಿನ ಹೋಲಿಕೆಯಂತಹುದು ಮೂರನೆಯದು. ಬಿಂಬಕ್ಕೆ ಬೇರೆಯಾದ ಆತ್ಮವಿಲ್ಲ. ಚಿತ್ರಕ್ಕಿರುವ ಆತ್ಮ ತುಚ್ಛ. ಈ ಎರಡನ್ನೂ ಕವಿಯು ಬಿಡಬೇಕು. ಮೂರನೆಯದನ್ನು ಬಿಡಬೇಕಾಗಿಲ್ಲ. ಅಣ್ಣತಮ್ಮಂದಿರ ಮುಖಗಳು ಹೋಲುತ್ತವೆಂದು ತಮ್ಮನನ್ನು ಅಣ್ಣನ ನಕಲೆಂದು ಯಾರೂ ಕರೆಯುವುದಿಲ್ಲವಷ್ಟೆ. ಹತ್ತನೆಯ ಶತಮಾನದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಇದೇ ವಿಭಾಗವನ್ನು ಬೆಳೆಸಿ, ಎರವಲು ತರುವ ಕವಿಗಳ ಚಾತುರ್ಯಗಳನ್ನೆಲ್ಲ ವರ್ಗೀಕರಿಸಿದ್ದಾನೆ. ಅದನ್ನು ಓದುವಾಗ ಒಮ್ಮೊಮ್ಮೆ ಅವನಿಗೆ ಕಳ್ಳರ ಮೇಲೆ ಕೋಪಕ್ಕಿಂತ ಪ್ರೀತಿಯೇ ಹೆಚ್ಚೆಂದು ತೋರುತ್ತದೆ.

ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಿದರೆ ಸೋಮನಾಥಪುರದ ಭುವನೇಶ್ವರಿ ಮೂರನೆಯ ವರ್ಗಕ್ಕೆ ಸೇರುತ್ತದೆ. ಅದು ಬಾಳೆಯ ಹೂವಿಗೆ ಸೋದರ. ಬಾಳೆಯ ಹೂವಿನ ನೆರಳಲ್ಲ. ನಮ್ಮ ಮಕ್ಕಳ ಜೋಡಿಬೆಟ್ಟ ಮೊದಲನೆಯ ವರ್ಗ. ಈಚೆಗೆ ಊರೂರಿನ ಕಲ್ಯಾಣಮಂಟಪಗಳ ಮುಂಭಾಗದಲ್ಲಿ ಎದ್ದಿರುವ, ಅಚ್ಚಿನಲ್ಲಿ ಎರಕಹೊಯ್ದ ಸಿಮೆಂಟಿನ ತಾವರೆಗಳೂ ಪ್ಲಾಸ್ಟರಿನ ಮದನಿಕೆಯರೂ ಅದೇ ವರ್ಗ. ಅವುಗಳನ್ನು ‘ಹೊಯ್ಸಳ ಶೈಲಿ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಹಾಕಿಸುತ್ತಾರೆ. ಹೊಯ್ಸಳರ ಶೈಲಿ ಇದ್ದುದು ಒಂದು ಅಂಕಣದಂತೆ ಮತ್ತೊಂದನ್ನು ಮಾಡದಿರುವುದರಲ್ಲಿ. ಇವರ ಶೈಲಿ ಇರುವುದು ಒಂದೇ ಅಚ್ಚಿನಿಂದ ಐವತ್ತನ್ನು ತೆಗೆಯುವುದರಲ್ಲಿ!

ಹಳೆಯ ಕಲೆಯಿಂದ ಏನನ್ನೂ ತರಬಾರದೆಂದು ನಾನು ಹೇಳುತ್ತಿಲ್ಲ. ತರುವವನು ರೂಪವನ್ನು ಮಾತ್ರ ಕಿತ್ತು ತರದೆ ಅದರ ನಿಯಮವನ್ನು ತರಬೇಕು. ಸೋಮನಾಥಪುರದ ಗರ್ಭಗುಡಿಗಳ ಹೊರಗೋಡೆಯ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಸಮಾನವಾಗಿ ಮೂರು ಸಾರಿ ತಿರುಗಿಸಿ, ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಬರೆದರೆ ಹದಿನಾರು ಮೂಲೆಗಳು ತಾವಾಗಿ ದೊರೆಯುತ್ತವೆ. ನಮ್ಮ ಗಣಿತದ ಅಧ್ಯಾಪಕರು ಕೈವಾರದಿಂದ ಇದನ್ನು ಒಂದೇ ಅವಧಿಯಲ್ಲಿ ಮಾಡಿಸಬಲ್ಲರು. ಆ ನಿಯಮವನ್ನು ಬಲ್ಲ ಹುಡುಗನು ನಾಳೆ ನೆಲಹಾಸಿನ ಕಲ್ಲನ್ನೋ ಕಿಟಕಿಯ ಕಂಬಿಯನ್ನೋ ವಿನ್ಯಾಸಗೊಳಿಸುವಾಗ ಹೊಯ್ಸಳರ ವಾರಸುದಾರನಾಗುತ್ತಾನೆ. ಸಿಮೆಂಟಿನ ಮದನಿಕೆಯನ್ನು ಕೊಂಡುತಂದವನು ಆಗುವುದಿಲ್ಲ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಕಂಡುದನ್ನು ಕಂಡಂತೆ ಬರೆಯುವ ವಿದ್ಧಚಿತ್ರ, ಮನಸ್ಸಿಗೆ ಹೊಳೆದ ಆಕಾರವನ್ನು ಬರೆಯುವ ಅವಿದ್ಧಚಿತ್ರ ಎಂಬ ಭೇದಗಳೊಡನೆ ಧೂಳೀಚಿತ್ರಕ್ಕೂ ಸ್ಥಾನವಿದೆ. ಧೂಳೀಚಿತ್ರವೆಂದರೆ ಬೇರೇನಲ್ಲ, ನಮ್ಮ ಹೆಣ್ಣುಮಕ್ಕಳು ಬೆಳಗಾಗೆದ್ದು ಅಂಗಳದಲ್ಲಿ ಬಿಡಿಸುವ ರಂಗವಲ್ಲಿಯ ಜಾತಿಯದೇ. ಚಕ್ರವರ್ತಿಯೊಬ್ಬನು ಗ್ರಂಥದಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಕಲೆಯನ್ನು ನಾವು ಇಂದು ಅಂಗಡಿಯಲ್ಲಿ ಮಾರುವ ರಂಧ್ರದ ತಟ್ಟೆಯಿಂದ ಒತ್ತಿ ಮುಗಿಸುತ್ತಿದ್ದೇವೆ.

ನನ್ನ ಸ್ವಂತ ಕ್ಷೇತ್ರದಿಂದ ಒಂದು ಉದಾಹರಣೆಯನ್ನು ಕೊಡಲು ಅಪ್ಪಣೆಯಾಗಬೇಕು. ಚಿತ್ರಕಾವ್ಯದಲ್ಲಿ ಗೋಮೂತ್ರಿಕೆ ಎಂಬ ಬಂಧವುಂಟು. ತರಗತಿಯಲ್ಲಿ ಈ ಹೆಸರನ್ನು ಹೇಳಿದೊಡನೆ ಹುಡುಗರು ನಗುತ್ತಾರೆ, ನಗಲಿ. ಮಣ್ಣಿನ ಹಾದಿಯಲ್ಲಿ ನಡೆಯುತ್ತಲೇ ಎತ್ತು ಮೂತ್ರ ಹೊಯ್ದರೆ ನೆಲದ ಮೇಲೆ ಅಂಕುಡೊಂಕಾದ ಒಂದು ಗೆರೆ ಮೂಡುತ್ತದೆ. ಮೇಲಿನ ಸಾಲಿನ ಒಂದಕ್ಷರ, ಕೆಳಗಿನ ಸಾಲಿನ ಒಂದಕ್ಷರ ಹೀಗೆ ಆ ಗೆರೆಯ ದಾರಿಯಲ್ಲಿ ಓದಿದರೂ ಅದೇ ಪದ್ಯ ಬರುವಂತೆ ರಚಿಸುವುದು ಆ ಬಂಧದ ಲಕ್ಷಣ. ದಂಡಿಯ ಕಾವ್ಯಾದರ್ಶದಲ್ಲಿ ಇದರ ನಿರೂಪಣೆಯಿದೆ. ನಮ್ಮ ಕವಿರಾಜಮಾರ್ಗವೂ ಇಂತಹ ದುಷ್ಕರ ಬಂಧಗಳನ್ನು ಎತ್ತಿಕೊಂಡಿದೆ. ಈ ಬಂಧಗಳಲ್ಲಿ ರಸ ಕಡಮೆಯೆಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಆದರೆ ಎತ್ತಿನ ಹಿಂದೆ ನಡೆಯುತ್ತ ನೆಲವನ್ನು ನೋಡಿ, ‘ಇದೊಂದು ವಿನ್ಯಾಸ’ ಎಂದು ಮೊಟ್ಟಮೊದಲು ಕಂಡುಕೊಂಡ ಆ ಅಜ್ಞಾತನ ಕಣ್ಣಿಗೆ ನಮಸ್ಕಾರ ಮಾಡದಿರಲಾರೆ. ಯಾವುದನ್ನು ಕೀಳೆಂದು ಎಲ್ಲರೂ ದಾಟಿಹೋಗುತ್ತಾರೋ ಅಲ್ಲಿಯೂ ಅವನಿಗೆ ರೂಪ ಕಂಡಿತು.

ಅಂತಹ ಕಣ್ಣು ನಮ್ಮ ಕಾಲದಲ್ಲಿಯೂ ಫಲ ಕೊಟ್ಟಿದೆ. ಜಪಾನಿನಲ್ಲಿ 1997ರಲ್ಲಿ ಓಡಲಾರಂಭಿಸಿದ ಅತಿವೇಗದ ರೈಲೊಂದರ ಮೂತಿಯನ್ನು ಮಿಂಚುಳ್ಳಿಯ ಕೊಕ್ಕಿನಂತೆ ರೂಪಿಸಿದರು. ಸುರಂಗದಿಂದ ಹೊರಬರುವಾಗ ಹಿಂದಿನ ರೈಲುಗಳು ಗಾಳಿಯನ್ನು ಅದುಮಿ ದೊಡ್ಡ ಸದ್ದು ಮಾಡುತ್ತಿದ್ದವು. ಗಾಳಿಯಿಂದ ನೀರಿಗೆ ಸದ್ದಿಲ್ಲದೆ ಧುಮುಕುವ ಹಕ್ಕಿಯನ್ನು ಬಲ್ಲ ಎಂಜಿನಿಯರನಿಗೆ ಪರಿಹಾರ ಹೊಳೆಯಿತು. ಸ್ವಿಟ್ಜರ್ಲೆಂಡಿನ ಒಬ್ಬನು ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದುದರ ಫಲವೇ ಇಂದು ನಮ್ಮ ಮಕ್ಕಳ ಶೂಗಳಿಗಿರುವ, ಎಳೆದರೆ ಕಿರ್ರೆನ್ನುವ ಪಟ್ಟಿ. ಮಿಂಚುಳ್ಳಿ ಕಪಿಲೆಯ ದಡದಲ್ಲಿ ದಿನವೂ ಧುಮುಕುತ್ತಿದೆ. ಉತ್ತರಾಣಿಯ ಬೀಜ ನಮ್ಮ ಪಂಚೆಯ ಅಂಚಿಗೆ ಅಂಟಿಕೊಂಡು ಮನೆಯವರೆಗೂ ಬರುತ್ತದೆ. ನಾವು ಶಪಿಸುತ್ತ ಕಿತ್ತುಹಾಕುತ್ತೇವೆ. ಗಿಡಮರಗಳನ್ನು ಹೀಗೆ ನಿಂತು ನೋಡಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ‘ಹಸಿರು ಹೊನ್ನು’ ಗ್ರಂಥಕ್ಕೆ ತಾವೇ ರೇಖಾಚಿತ್ರಗಳನ್ನು ಬರೆದರು. ಆ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಲೆಯನ್ನು ಬರೆಯಲು ಬಂದವರಿಗೆ ಮಾತ್ರ ಎಲೆಯ ವಿಷಯ ಹಾಗೆ ಬರೆಯಲು ಬರುತ್ತದೆಂದು ನನ್ನ ಅಭಿಪ್ರಾಯ. ಟಿ. ನರಸೀಪುರದ ಕಾರ್ಖಾನೆಯಲ್ಲಿ ಗೂಡಿನಿಂದ ಬಿಚ್ಚಿದ ರೇಷ್ಮೆಯ ಎಳೆಯೂ ಸೀರೆಯ ಅಂಚಿನ ಮಾವಿನಕಾಯಿಯೂ ಇದೇ ಮಾತಿಗೆ ಸೇರತಕ್ಕವು. ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ.

ಕಂಡುದರಿಂದ ಕಾಣದುದಕ್ಕೆ ಹೋಗುವುದು ಕಲ್ಪನೆ. ಸೋಮನಾಥಪುರದ ಜಗತಿಯ ಮೇಲಿನ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸಾಲುಗಳ ಜತೆಗೆ ಮಕರಗಳ ಸಾಲೂ ಇದೆ. ಆನೆಯನ್ನು ಶಿಲ್ಪಿಯು ಕಂಡಿದ್ದನು, ಮಕರವನ್ನು ಕಂಡವರುಂಟೆ? ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಕಾಲು ಸಿಂಹದ್ದು, ಬಾಲ ನವಿಲಿನದು. ಇಲ್ಲದ ಪ್ರಾಣಿಗೆ ಇರುವ ಪ್ರಾಣಿಗಳ ಅವಯವಗಳನ್ನು ಜೋಡಿಸಿ, ಇದ್ದೇ ಇದೆಯೆಂದು ನಂಬುವಂತೆ ಮಾಡಿದ್ದಾನೆ. ನಮ್ಮ ರಾಜ್ಯದ ಲಾಂಛನವನ್ನೇ ನೋಡಿರಿ: ನಡುವೆ ಎರಡು ತಲೆಯ ಗಂಡಭೇರುಂಡ, ಇಕ್ಕೆಲದಲ್ಲಿ ಆನೆಯ ತಲೆಯೂ ಸಿಂಹದ ಮೈಯೂ ಉಳ್ಳ ಮೃಗಗಳು. ಸರಕಾರದ ಆಜ್ಞಾಪತ್ರಗಳೆಲ್ಲವೂ ಇಲ್ಲದ ಪ್ರಾಣಿಗಳ ಸಾಕ್ಷ್ಯದಲ್ಲಿ ಹೊರಬೀಳುತ್ತಿವೆ! ವಿಜ್ಞಾನಕಥೆಗಳಲ್ಲಿ ಬರುವ ಅನ್ಯಗ್ರಹದ ಜೀವಿಗಳನ್ನು ಕಂಡು ‘ಇದೆಲ್ಲ ಪಾಶ್ಚಾತ್ಯರ ಹುಚ್ಚು’ ಎನ್ನುವ ಹಿರಿಯರು ದಯವಿಟ್ಟು ಒಮ್ಮೆ ಮಕರದ ಮುಂದೆ ನಿಲ್ಲಬೇಕು.

ವಿಮಾನವೆಂಬ ಶಬ್ದಕ್ಕೆ ಎರಡರ್ಥಗಳಿರುವುದು ಎಲ್ಲರಿಗೂ ತಿಳಿದುದೇ. ಗರ್ಭಗೃಹದ ಮೇಲೆ ಎದ್ದುನಿಂತ ಕಟ್ಟಡವೂ ವಿಮಾನ. ಆಕಾಶದಲ್ಲಿ ಸಂಚರಿಸುವ ಪುಷ್ಪಕವೂ ವಿಮಾನ. ಸೋಮನಾಥಪುರದಲ್ಲಿ ಮೂರು ವಿಮಾನಗಳಿವೆ. ಮೂರೂ ನೆಲವನ್ನು ಬಿಟ್ಟು ಕದಲುವುದಿಲ್ಲ. ಆದರೆ ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ರಥಗಳು ಬೀದಿಗೆ ಬಂದಾಗ ಈ ಎರಡು ಅರ್ಥಗಳ ನಡುವಿನ ಸೇತುವೆ ಕಾಣುತ್ತದೆ. ರಥವೆಂದರೆ ಚಕ್ರ ಕಟ್ಟಿಸಿಕೊಂಡ ದೇವಾಲಯ. ಕಲ್ಲಿನ ಜಗತಿಯ ಸ್ಥಾನದಲ್ಲಿ ಕೆತ್ತನೆಯ ಮರ, ಶಿಖರದ ಸ್ಥಾನದಲ್ಲಿ ಬಟ್ಟೆ ಹೊದಿಸಿದ ಹಗುರವಾದ ಚಪ್ಪರ, ತುದಿಯಲ್ಲಿ ಅದೇ ಕಳಶ. ನಿಂತ ಗುಡಿಯನ್ನು ನಡೆಯಿಸಬಹುದೆಂದು ಹೊಳೆದ ಮನಸ್ಸಿಗೆ ನಡೆಯುವ ಗುಡಿಯನ್ನು ಹಾರಿಸಬಹುದೆಂದು ಹೊಳೆಯುವುದು ಎಷ್ಟು ದೂರದ ಮಾತು?

ಹಾಗೆ ಹಾರಿಸಿದವರು ನಮ್ಮಲ್ಲಿಯೇ ಇದ್ದರು, ಕಾಗದದ ಮೇಲೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವೊಂದಿದೆ. ಅದನ್ನು ಭರದ್ವಾಜ ಮಹರ್ಷಿಯ ಕೃತಿಯೆಂದು ಹೇಳಲಾಯಿತು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಿಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರಾದ ಎಲ್ಲಪ್ಪನವರು 1923ರಲ್ಲಿ ನಕ್ಷೆಗಳನ್ನು ಬರೆದುಕೊಟ್ಟರು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಇದನ್ನು ಸಾಂಗವಾಗಿ 
ಪರೀಕ್ಷಿಸಿ, ಗ್ರಂಥ ಇಪ್ಪತ್ತನೆಯ ಶತಮಾನದ ಆದಿಯದೇ ಹೊರತು ಪ್ರಾಚೀನವಲ್ಲ, ಇದರಲ್ಲಿ ವರ್ಣಿತವಾದ ಯಾವ ವಿಮಾನವೂ ಹಾರಲಾರದು ಎಂದು ನಿರ್ಣಯಿಸಿದರು. ಸಂಸ್ಕೃತವನ್ನು ಓದಿದ ನನ್ನ ಮಟ್ಟಿಗೆ ಹೇಳುವುದಾದರೆ, ಅದರ ಶ್ಲೋಕಗಳ ನಡೆಯಲ್ಲಿ ಋಷಿಕಾಲದ ಗಂಧ ಎಲ್ಲಿಯೂ ಇಲ್ಲ. ಭಾಷೆಯನ್ನು ಕುರಿತ ಆ ವಿದ್ವಾಂಸರ ತೀರ್ಮಾನ ಸರಿಯಾದುದೇ.

ಇಷ್ಟಾದರೂ ಶಾಲಾ ವಾರ್ಷಿಕೋತ್ಸವಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ರೈಟ್ ಸಹೋದರರಿಗಿಂತ ಸಾವಿರಾರು ವರ್ಷ ಮೊದಲೇ ನಾವು ಹಾರಿದ್ದೆವೆಂಬ ಮಾತನ್ನು ಈ ಗ್ರಂಥದ ಆಧಾರದಿಂದ ಹೇಳುವುದು ನಿಂತಿಲ್ಲ. ಪರಂಪರೆಯಲ್ಲಿ ಗೌರವವುಳ್ಳವರೇ ಇದನ್ನು ನಿಲ್ಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಸತ್ಯದ ಊರುಗೋಲು ಬೇಕಾಗುವಷ್ಟು ನಮ್ಮ ಪರಂಪರೆ ಕುಂಟಿಲ್ಲ. ವಿಜ್ಞಾನದ ತರಗತಿಯಲ್ಲಿ ಇದನ್ನು ಪಾಠವಾಗಿ ಹೇಳುವ ಅಧ್ಯಾಪಕನು ವಿಜ್ಞಾನಕ್ಕೂ ದ್ರೋಹ ಬಗೆಯುತ್ತಾನೆ, ಭರದ್ವಾಜನಿಗೂ.

ಆದರೆ ಆ ನಕ್ಷೆಗಳನ್ನು ಸುಟ್ಟುಬಿಡಿ ಎಂದು ನಾನು ಹೇಳುವವನಲ್ಲ. ಅವುಗಳನ್ನು ಚಿತ್ರಕಲೆಯ ತರಗತಿಗೆ ತನ್ನಿರಿ. ಎಲ್ಲಪ್ಪನವರ ಲೇಖನಿಯಿಂದ ಮೂಡಿದ ರುಕ್ಮವಿಮಾನ ಅಂತಸ್ತಿನ ಮೇಲೆ ಅಂತಸ್ತಾಗಿ ಗೋಪುರದಂತೆ ಏರುತ್ತದೆ. ಶಕುನವಿಮಾನಕ್ಕೆ ಹಕ್ಕಿಯ ರೆಕ್ಕೆ, ಹಕ್ಕಿಯ ಬಾಲ. ಗುಡಿಯನ್ನೂ ಹಕ್ಕಿಯನ್ನೂ ಯಂತ್ರವನ್ನೂ ಒಂದೇ ಕಾಗದದ ಮೇಲೆ ಸೇರಿಸಿದ ಇಂತಹ ರೇಖೆಗಳು ಕನ್ನಡನಾಡಿನಲ್ಲಿ ಅದಕ್ಕೆ ಮೊದಲು ಮೂಡಿದುದನ್ನು ನಾನು ಕಂಡಿಲ್ಲ. ವಿಜ್ಞಾನವೆಂದು ನೋಡಿದರೆ ಸುಳ್ಳು. ವಿಜ್ಞಾನಕಥೆಯ ಚಿತ್ರವೆಂದು ನೋಡಿದರೆ ಸೋಮೇಶ್ವರನು ಹೇಳಿದ ಅವಿದ್ಧಚಿತ್ರದ ಸೊಗಸಾದ ಮಾದರಿ. ಮಕರ ಹುಟ್ಟಿದ ಬಸಿರಿನಲ್ಲಿಯೇ ಇದೂ ಹುಟ್ಟಿತು. ಮಕರವನ್ನು ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಯಾರೂ ಸೇರಿಸಲಿಲ್ಲ. ಅದರಿಂದ ಮಕರಕ್ಕೆ ಅವಮಾನವೂ ಆಗಲಿಲ್ಲ.

ಹೊರಗಿನವರು ತಮ್ಮ ಕಲ್ಪನೆಯನ್ನು ಹೀಗೆಯೇ ಬಳಸಿಕೊಂಡಿದ್ದಾರೆ. ಆರ್ಥರ್ ಕ್ಲಾರ್ಕ್ ಮತ್ತು ಸ್ಟ್ಯಾನ್ಲಿ ಕೂಬ್ರಿಕ್ ಸೇರಿ 1968ರಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ ಎಂಬ ಚಲನಚಿತ್ರವನ್ನು ತೆರೆಗೆ ತಂದರು. ಅದರಲ್ಲಿ ಗಗನಯಾತ್ರಿಗಳು ಊಟದ ಮೇಜಿನ ಮೇಲೆ ತೆಳುವಾದ ಹಲಗೆಯೊಂದನ್ನಿಟ್ಟುಕೊಂಡು ವಾರ್ತೆಯನ್ನು ನೋಡುತ್ತಾರೆ. ಆಗ ಅಂತಹ ವಸ್ತು ಪ್ರಪಂಚದಲ್ಲಿರಲಿಲ್ಲ. ಆ್ಯಪಲ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳ ನಡುವೆ ಟ್ಯಾಬ್ಲೆಟ್ ಯಂತ್ರದ ವಿನ್ಯಾಸ ಯಾರದೆಂಬ ವ್ಯಾಜ್ಯ ಹುಟ್ಟಿದಾಗ, 2011ರಲ್ಲಿ ಸ್ಯಾಮ್‌ಸಂಗ್‌ನವರು ಇದೇ ದೃಶ್ಯವನ್ನು ಅಮೆರಿಕದ ನ್ಯಾಯಾಲಯದ ಮುಂದಿಟ್ಟು, ಈ ರೂಪ ಕಥೆಯಲ್ಲಿ ಮೊದಲೇ ಇತ್ತೆಂದು ವಾದಿಸಿದರು. ಕಥೆ ಸಾಕ್ಷಿಯಾಗಿ ಕಟಕಟೆ ಹತ್ತಿತು! ಕ್ಲಾರ್ಕನ ಹಲಗೆಯಾದರೂ ಎಲ್ಲಿಂದ ಬಂದುದು? ಬಳಪ ಹಿಡಿದು ನಾವೆಲ್ಲ ಅಕ್ಷರ ತಿದ್ದಿದ ಕಟ್ಟಿನ ಹಲಗೆಗೂ ಅದಕ್ಕೂ ಆಕಾರದಲ್ಲಿ ಎಷ್ಟು ಭೇದವಿದೆ? ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂತಹವರು ವಿಜ್ಞಾನಕಥೆಯನ್ನು ನಿಷ್ಠೆಯಿಂದ ಬರೆದರು. ಅವರ ಕಥೆಗಳನ್ನು ಓದಿದ ಮಗುವಿಗೆ, ‘ಅಲ್ಲಿ ಹೇಳಿದ ಯಂತ್ರವನ್ನು ಬರೆದು ತೋರಿಸು’ ಎಂದು ಒಬ್ಬ ಚಿತ್ರಕಲಾ ಶಿಕ್ಷಕನಾದರೂ ಕೇಳಿದ್ದುಂಟೆ? ಪುಸ್ತಕಕ್ಕೆ ಮುಖಪುಟ ಬರೆಯುವವರೂ ಹೊರನಾಡಿನ ಪತ್ರಿಕೆಗಳ ರಾಕೆಟ್ಟನ್ನೇ ತಂದು ಅಂಟಿಸುತ್ತಾರೆ. ಪ್ರತಿಬಿಂಬ ಮತ್ತೆ ಬಂದಿತು.

ಈಗ ಬಾಯಿಮಾತಿನಲ್ಲಿ ಅಪ್ಪಣೆ ಮಾಡಿದರೆ ಕ್ಷಣಾರ್ಧದಲ್ಲಿ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆ ಮಕ್ಕಳ ಕೈಯಲ್ಲಿರುವ ಫೋನಿಗೇ ಬಂದಿರುವಾಗ ಈ ಶ್ರಮವೆಲ್ಲ ಏಕೆಂದು ಕೇಳುವವರಿದ್ದಾರೆ. ಆ ಯಂತ್ರವನ್ನು ನಾನೂ ನೋಡಿದ್ದೇನೆ. ಅದರ ಚಾತುರ್ಯ ಅಲ್ಲಗಳೆಯುವಂತಹುದಲ್ಲ. ಆದರೆ ಅದು ಕಲಿತುದು ಚಿತ್ರಗಳಿಂದ, ಗಿಡದಿಂದಲ್ಲ. ಆನಂದವರ್ಧನನ ಲೆಕ್ಕದಲ್ಲಿ ಅದು ಕೋಟಿ ಆಲೇಖ್ಯಗಳನ್ನು ಅರೆದು ಮಾಡಿದ ಆಲೇಖ್ಯ. ನಿಸರ್ಗದೃಶ್ಯವೊಂದನ್ನು ಬರೆದುಕೊಡೆಂದರೆ ಅದೂ ಬಹುಮಟ್ಟಿಗೆ ಬೆಟ್ಟಗಳ ನಡುವೆ ಸೂರ್ಯನನ್ನೇ ನಿಲ್ಲಿಸುತ್ತದೆ, ಬಣ್ಣ ಇನ್ನಷ್ಟು ಚೆನ್ನಾಗಿರುತ್ತದೆ ಅಷ್ಟೆ. ಬಾಳೆಯ ಮೂತಿ ಕೆಳಮುಖವಾಗಿರುವುದರಿಂದ ಛಾವಣಿಗೆ ಸಲ್ಲುತ್ತದೆಂಬ ವಿಚಾರ ತೋಟದಲ್ಲಿ ನಿಂತವನಿಗೆ ಹೊಳೆಯಬೇಕಾದುದು.

ಪೂಜ್ಯ ಶ್ರೀಗಳವರ ಕೃಪೆಯಿಂದಲೂ ದಾನಿಗಳ ಔದಾರ್ಯದಿಂದಲೂ ನಮ್ಮ ವಿದ್ಯಾಸಂಸ್ಥೆಗೆ ಕಟ್ಟಡಗಳ ಕೊರತೆಯಿಲ್ಲ. ಹೊಸ ಕೊಠಡಿಗೆ ಹಣ ನೀಡಲು ಮುಂದೆ ಬರುವವರು ಹಲವರು. ಚಿತ್ರಕಲಾ ಶಿಕ್ಷಕರ ವೇತನಕ್ಕೆ ಹಣ ನೀಡುವೆನೆಂದವರನ್ನು ನಾನು ಕಂಡಿಲ್ಲ. ಸಂಬಳಕ್ಕೆ ಅಮೃತಶಿಲೆಯ ಫಲಕ ಹಾಕಲು ಬರುವುದಿಲ್ಲವೆಂಬುದು ಕಾರಣವಿರಬಹುದೇನೋ! ವೇಳಾಪಟ್ಟಿಯಲ್ಲಿ ವಾರಕ್ಕೊಂದು ಚಿತ್ರಕಲೆಯ ಅವಧಿಯಿದೆ. ಪರೀಕ್ಷೆ ಸಮೀಪಿಸಿದೊಡನೆ ಅದು ಗಣಿತಕ್ಕೋ ಇಂಗ್ಲಿಷಿಗೋ ಬಲಿಯಾಗುತ್ತದೆ. ಕನ್ನಡದ ಅಧ್ಯಾಪಕರಾದ ನಾವೂ ಆ ಅವಧಿಯನ್ನು ಕೇಳಿ ಪಡೆದವರೇ ಆದುದರಿಂದ ಈ ಮಾತು ನಮ್ಮೆಲ್ಲರಿಗೂ ಸಲ್ಲುವುದು. ಆ ಒಂದು ಅವಧಿಯನ್ನು ಮುಟ್ಟಬಾರದೆಂದು ಅಧ್ಯಾಪಕರ ಸಭೆಯಲ್ಲಿ ನಿರ್ಣಯವಾಗಬೇಕು. ತಿಂಗಳಿಗೊಮ್ಮೆಯಾದರೂ ಅದು ನಾಲ್ಕು ಗೋಡೆಯ ಹೊರಗೆ, ಹೊಳೆಯ ಮೆಟ್ಟಿಲ ಮೇಲೋ ತೋಟದಲ್ಲೋ ನಡೆಯಬೇಕು. ಒಂಬತ್ತನೆಯ ತರಗತಿಯವರನ್ನು ದೂರದ ಊರುಗಳಿಗೆ ಪ್ರವಾಸ ಕರೆದೊಯ್ಯುವ ಮುನ್ನ ಸೋಮನಾಥಪುರಕ್ಕೆ ಕರೆದೊಯ್ದು, ಫೋನುಗಳನ್ನು ಬಸ್ಸಿನಲ್ಲಿಯೇ ಇರಿಸಿ, ಒಬ್ಬೊಬ್ಬರಿಗೆ ಒಂದೊಂದು ಅಂಕಣವನ್ನು ಹಂಚಿ, ಪೆನ್ಸಿಲಿನಿಂದ ಬರೆಯಿಸಬೇಕು. ಕತ್ತು ನೋಯುತ್ತದೆ; ನೋಯಲಿ. ಹೋಗುವ ಮುನ್ನ ಒಂದು ಬಾಳೆಯ ಮೂತಿಯನ್ನು ತರಗತಿಯಲ್ಲಿ ಎಸಳೆಸಳಾಗಿ ಬಿಚ್ಚಿಸಿದ್ದರೆ ಇನ್ನೂ ಒಳಿತು. ಬಿಚ್ಚಿದುದನ್ನು ವಿದ್ಯಾರ್ಥಿನಿಲಯದ ಅಡುಗೆಯವರು ಪಲ್ಯ ಮಾಡಿಯಾರು.

ಸಂಸ್ಥೆಯ ಮುಂಭಾಗದ ಹೊಸ ಆವರಣದ ಗೋಡೆಗೆ ಚಿತ್ರ ಬರೆಯಿಸಬೇಕೆಂದು ಆಡಳಿತ ಮಂಡಲಿಯವರು ಆಲೋಚಿಸುತ್ತಿರುವುದಾಗಿ ಕೇಳಿದ್ದೇನೆ. ಹೊರಗಿನ ಬಣ್ಣದವರನ್ನು ಕರೆಯಿಸಿದರೆ ಜೋಡಿಬೆಟ್ಟ, ಸೂರ್ಯ, ರಾಕೆಟ್ಟು, ಭೂಗೋಳ ಬರುವುದು ಖಚಿತ. ಅದರ ಬದಲಿಗೆ ಗೋಡೆಯನ್ನು ತರಗತಿಗೊಂದರಂತೆ ಹಂಚಿ ಮಕ್ಕಳಿಗೆ ಬಿಟ್ಟುಕೊಡಬಹುದು. ಮಿಂಚುಳ್ಳಿಯೋ ಉತ್ತರಾಣಿಯೋ ಮಕರವೋ ಅವರು ಕಂಡುಹಿಡಿದ ಹಾರುವ ರಥವೋ, ಒಂದು ಮಾತ್ರ ನಿಬಂಧನೆ: ಹಾಗೆಯೇ ಇನ್ನೊಂದು ಆ ಗೋಡೆಯ ಮೇಲೆ ಇರಕೂಡದು. ಬಣ್ಣಕ್ಕೂ ಕುಂಚಕ್ಕೂ ತಗಲುವ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳ ಸಂಘದವರು ವಹಿಸಿಕೊಳ್ಳಲು ಮುಂದಾದರೆ, ಬೇಸಗೆ ರಜೆಗೆ ಮೊದಲೇ ಕೆಲಸವನ್ನು ಆರಂಭಿಸಬಹುದು.